ಹೆಪ್ಪುಗಟ್ಟಿದ ಸರೋವರದ ಮೇಲೆ ಒಂದು ಹಗಲು

ನೀರಿನ ಮೇಲೆ ನಡೆಯುವುದೆಂದರೆ ನಮ್ಮ ನಾಡಿನಲ್ಲಿ ಅದು ಪವಾಡದ ಮಾತು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಅದು ಚಳಿಗಾಲದ ನಿತ್ಯದ ಸಂಗತಿ. ಹತ್ತು ಎಕರೆಗಿಂತ ದೊಡ್ಡದಾದ ಸರೋವರಗಳನ್ನಷ್ಟೇ ಎಣಿಸಿದರೂ ಅಲ್ಲಿ ೧೧,೮೪೨ ಸರೋವರಗಳಿವೆ. ಡಿಸೆಂಬರ್ ಬಂತೆಂದರೆ ಅವುಗಳ ಮೇಲೆ ಗಟ್ಟಿಯಾದ ಮಂಜಿನ ಹಾಸು ಬೀಳುತ್ತದೆ. ಜನರು ಅದರ ಮೇಲೆ ನಡೆಯುತ್ತಾರೆ, ಪುಟ್ಟ ಗುಡಾರಗಳನ್ನು ಹೂಡುತ್ತಾರೆ, ರಂಧ್ರ ಕೊರೆದು ಗಾಳ ಇಳಿಬಿಟ್ಟು ಗಂಟೆಗಟ್ಟಲೆ ಕುಳಿತುಕೊಳ್ಳುತ್ತಾರೆ. ಮಗನ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆಯಲು ಹೋಗಿದ್ದ ನನಗೆ ಇಂಥದೊಂದು ಹಗಲನ್ನು ಸರೋವರದ ಮೇಲೆ ಕಳೆಯುವ ಅವಕಾಶ ಒದಗಿತು. ಅದನ್ನು ಒದಗಿಸಿಕೊಟ್ಟದ್ದು, ಬಡಗಿಗಳ ಕೈಯಲ್ಲಿ ನಾವು ದಿನವೂ ಕಾಣುವ ಒಂದು ಬ್ಯಾಟರಿ ಡ್ರಿಲ್ಲು ಎಂದರೆ ಓದುಗರಿಗೆ ಸೋಜಿಗವೆನಿಸಬಹುದು.

ನೆರೆಮನೆಯ ಹಿರಿಯರು

ಮಗನ ಮನೆ ಮಿನ್ನಿಯಾಪೊಲಿಸ್ ನಗರದ ಉತ್ತರದ ಬಡಾವಣೆಯಲ್ಲಿದೆ. ಅವನ ನೆರೆಮನೆಯಲ್ಲಿ ನಿವೃತ್ತ ಶಾಲಾ ಶಿಕ್ಷಕರೊಬ್ಬರು ವಾಸಿಸುತ್ತಾರೆ. ಮಕ್ಕಳಿಗೆ ಮರಗೆಲಸವನ್ನು ಕಲಿಸಿ ಮೂವತ್ತು ವರ್ಷ ಸವೆಸಿದವರು. ವಯಸ್ಸು ಎಪ್ಪತ್ತನಾಲ್ಕು. ಬಾಲ್ಯದಿಂದಲೂ ಚಳಿಗಾಲದ ಸರೋವರವೇ ಅವರ ವಿಶ್ರಾಂತಿಯ ತಾಣ. ಆದರೆ ಬಲಭುಜದ ಶಸ್ತ್ರಚಿಕಿತ್ಸೆಯಾದ ಮೇಲೆ ಎರಡು ಚಳಿಗಾಲ ಅವರು ಮನೆಯಲ್ಲಿಯೇ ಉಳಿಯಬೇಕಾಯಿತು. ಕೈಯಿಂದ ತಿರುಗಿಸುವ ಬೈರಿಗೆಯನ್ನು ಬಳಸಲು ಭುಜ ಒಪ್ಪುತ್ತಿರಲಿಲ್ಲ. ಪೆಟ್ರೋಲ್ ಎಂಜಿನ್ನಿನ ಬೈರಿಗೆ ಹನ್ನೆರಡು-ಹದಿಮೂರು ಕಿಲೋ ತೂಗುವಂಥದು. ಅದನ್ನು ಎತ್ತಿ ಇಳಿಸುವುದು ಇನ್ನೂ ಕಷ್ಟ. ಹಳೆಯ ಬೈರಿಗೆ ಗೋಡೆಯ ಮೊಳೆಗೆ ಜೋತು ಬಿದ್ದಿತ್ತು. "ಅದನ್ನು ನೋಡಿದಾಗಲೆಲ್ಲ ನನ್ನ ವಯಸ್ಸು ನೆನಪಿಗೆ ಬರುತ್ತಿತ್ತು" ಎಂದು ಅವರು ಒಂದು ಸಂಜೆ ನನ್ನೊಡನೆ ಹೇಳಿಕೊಂಡರು.

ಮೂರನೆಯ ಚಳಿಗಾಲಕ್ಕೆ ಅವರೇ ಒಂದು ದಾರಿಯನ್ನು ಕಂಡುಕೊಂಡಿದ್ದರು. ಬೈರಿಗೆಯ ಹಿಡಿಯನ್ನು ಕಳಚಿ, ಆ ಜಾಗಕ್ಕೆ ಬ್ಯಾಟರಿ ಡ್ರಿಲ್ಲನ್ನು ಜೋಡಿಸಿದ್ದರು. "ಬರುವ ಶನಿವಾರ ಸರೋವರಕ್ಕೆ ಹೋಗೋಣ, ಮೊಮ್ಮಗನನ್ನೂ ಕರೆತನ್ನಿ" ಎಂದು ಆಹ್ವಾನಿಸಿದರು. ಸಸ್ಯಾಹಾರದ ಮನೆತನದಲ್ಲಿ ಬೆಳೆದ ನನಗೆ ಮೀನು ಹಿಡಿಯುವ ಕೆಲಸ ಮನಸ್ಸಿಗೆ ಒಗ್ಗುವಂಥದಲ್ಲ. ಅದನ್ನು ಸಂಕೋಚವಿಲ್ಲದೆ ತಿಳಿಸಿದೆ. ಅವರು ನಕ್ಕು, "ನೀವು ಗಾಳ ಹಿಡಿಯಬೇಕಾಗಿಲ್ಲ. ಜೊತೆಗೆ ಇನ್ನೊಂದು ಜೋಡಿ ಕಣ್ಣು ಇದ್ದರೆ ನನಗೆ ಧೈರ್ಯ" ಎಂದರು. ಆ ಮಾತಿನ ಅರ್ಥ ನನಗೆ ತಿಳಿದದ್ದು ಸರೋವರದ ಮೇಲೆ ನಿಂತಾಗ.

ಬೈರಿಗೆಗೆ ಹೊಸ ಹಿಡಿ

ಹೊರಡುವ ಹಿಂದಿನ ದಿನ ಅವರು ತಮ್ಮ ಕಾರಿನ ಕೊಟ್ಟಿಗೆಯಲ್ಲಿ ಆ ಸಲಕರಣೆಯನ್ನು ಬಿಚ್ಚಿ ತೋರಿಸಿದರು. ಮಂಜುಗಡ್ಡೆಯ ಬೈರಿಗೆ ನಮ್ಮ ಬಡಗಿಗಳ ಬೈರಿಗೆಯ ದೊಡ್ಡಣ್ಣನಂತಿದೆ. ನಡುವೆ ಉಕ್ಕಿನ ಕೊಳವೆ. ಅದರ ಸುತ್ತ ತಿರುಪಿನಂತೆ ಸುತ್ತಿದ ತಗಡು. ತುದಿಯಲ್ಲಿ ಎರಡು ಹರಿತವಾದ ಅಲಗುಗಳು. ಅಲಗು ಗಡ್ಡೆಯನ್ನು ಹೆರೆಯುತ್ತದೆ, ತಿರುಪು ಆ ಹೆರಕಲನ್ನು ಮೇಲಕ್ಕೆ ತರುತ್ತದೆ. ಇವರದು ೬ ಅಂಗುಲದ ಬೈರಿಗೆ. ಹಿಡಿಯಿರುವ ಮೇಲಿನ ಭಾಗ ಮತ್ತು ತಿರುಪಿರುವ ಕೆಳಗಿನ ಭಾಗ ಬೇರೆಬೇರೆಯಾಗಿ ಕಳಚಿಕೊಳ್ಳುತ್ತವೆ. ಹಿಡಿಯನ್ನು ತೆಗೆದು, ಕೊಳವೆಯ ಬಾಯಿಗೆ ಒಂದು ಗಿಡ್ಡ ಉಕ್ಕಿನ ಸಲಾಕೆಯನ್ನು ತೂರಿಸಿ, ಅಡ್ಡಲಾಗಿ ಬೋಲ್ಟ್ ಹಾಕಿ ಬಿಗಿದಿದ್ದರು. ಸಲಾಕೆಯ ಮೇಲ್ತುದಿ ಆರು ಮುಖಗಳುಳ್ಳದ್ದು. ಡ್ರಿಲ್ಲಿನ ಚಕ್ಕಿನ ಮೂರು ಹಲ್ಲುಗಳು ಜಾರದಂತೆ ಅದನ್ನು ಕಚ್ಚಿ ಹಿಡಿಯುತ್ತವೆ. ಇಂಥ ಜೋಡಣೆ ಅಂಗಡಿಯಲ್ಲಿ ಸಿದ್ಧವಾಗಿಯೂ ಸಿಗುತ್ತದೆ.

ನೋಡಲು ಇಷ್ಟೇ ಸರಳ. ಆದರೆ ಈ ಸರಳತೆಗೆ ಅವರು ಎರಡು ಬಾರಿ ಬೆಲೆ ತೆತ್ತಿದ್ದರು. ಮೊದಲು ಮನೆಯಲ್ಲಿದ್ದ ೧೨ ವೋಲ್ಟಿನ ಚಿಕ್ಕ ಡ್ರಿಲ್ಲನ್ನು ಪ್ರಯೋಗಿಸಿದರು. ಮರಕ್ಕೆ ಕಾಲು ಅಂಗುಲದ ರಂಧ್ರ ಹಾಕುವ ಆ ಯಂತ್ರ ೬ ಅಂಗುಲದ ಅಲಗನ್ನು ತಿರುಗಿಸಲಾರದೆ ಕಾದು, ಸುಟ್ಟ ವಾಸನೆ ಬೀರಿ ನಿಂತುಹೋಯಿತು. ಅನಂತರ ೧೮ ವೋಲ್ಟಿನ, ಅರ್ಧ ಅಂಗುಲದ ಚಕ್ಕುಳ್ಳ, ಬಲವಾದ ಡ್ರಿಲ್ಲನ್ನು ತಂದರು. ಕೆಲಸವೇನೋ ಸಾಗಿತು. ಆದರೆ ಒಂದು ದಿನ, ರಂಧ್ರದಿಂದ ಹೆರಕಲನ್ನು ಹೊರಹಾಕಲು ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗಿಸಿದಾಗ ಚಕ್ಕು ಸಡಿಲವಾಗಿ, ಬೈರಿಗೆಯ ತಿರುಪು ಭಾಗ ಕಳಚಿಕೊಂಡು ಸರೋವರದ ತಳಕ್ಕೆ ಹೋಯಿತು. ಉಕ್ಕು ತೇಲುವುದಿಲ್ಲ. ಈಗ ಗೋಡೆಯ ಮೇಲಿದ್ದುದು ಅದೇ ತಯಾರಿಕೆಯ ಎರಡನೆಯ ಬೈರಿಗೆ.

ಆ ಪಾಠದಿಂದ ಸಲಾಕೆಯ ನಡುವೆ ಒಂದು ಅಗಲವಾದ ಬಿಲ್ಲೆ ಸೇರಿತು. ಅದರ ವ್ಯಾಸ ರಂಧ್ರದ ವ್ಯಾಸಕ್ಕಿಂತ ಹೆಚ್ಚು. ಚಕ್ಕು ಸಡಿಲವಾದರೂ ಬಿಲ್ಲೆ ರಂಧ್ರದ ಬಾಯಿಗೆ ಅಡ್ಡಬಿದ್ದು ಬೈರಿಗೆಯನ್ನು ಉಳಿಸುತ್ತದೆ. ಡ್ರಿಲ್ಲಿನ ಪಕ್ಕಕ್ಕೆ ಉದ್ದನೆಯ ಎರಡನೆಯ ಹಿಡಿಯನ್ನೂ ಜೋಡಿಸಿದ್ದರು. ಅಲಗು ಗಡ್ಡೆಯಲ್ಲಿ ಕಚ್ಚಿಕೊಂಡು ನಿಂತರೆ ತಿರುಗುವ ಬಲವೆಲ್ಲ ಡ್ರಿಲ್ಲಿಗೆ, ಅಲ್ಲಿಂದ ಹಿಡಿದವನ ಮಣಿಕಟ್ಟಿಗೆ ಬರುತ್ತದೆ. ಒಂದೇ ಕೈಯಲ್ಲಿ ಹಿಡಿದರೆ ಮಣಿಕಟ್ಟು ಉಳುಕುವುದು, ಮುರಿಯುವುದು ಅಪರೂಪವಲ್ಲ. ಆದ್ದರಿಂದ ಎರಡು ಹಿಡಿ, ಎರಡು ಕೈ, ಅಗಲಿಸಿ ಊರಿದ ಪಾದಗಳು, ಗೇರು ನಿಧಾನದ್ದು. ಇವು ಅವರ ಕಟ್ಟಳೆಗಳಾಗಿದ್ದವು.

"೮ ಅಂಗುಲದ ಬೈರಿಗೆ ಏಕೆ ಬೇಡ? ದೊಡ್ಡ ಮೀನು ಬರಬಹುದಲ್ಲ?" ಎಂದು ಮೊಮ್ಮಗ ಕೇಳಿದ. ಶಿಕ್ಷಕರು ಹಲಗೆಯ ಮೇಲೆ ಸೀಸದಕಡ್ಡಿಯಿಂದ ಲೆಕ್ಕ ಬರೆದು ತೋರಿಸಿದರು. ವ್ಯಾಸ ೬ರಿಂದ ೮ ಆದರೆ ಅಗಲದಲ್ಲಿ ಎರಡಂಗುಲವಷ್ಟೇ ಹೆಚ್ಚು ಕಾಣುತ್ತದೆ. ಹೆರೆಯಬೇಕಾದ ಗಡ್ಡೆ ಮಾತ್ರ ಸುಮಾರು ಒಂದೂ ಮುಕ್ಕಾಲು ಪಟ್ಟು ಆಗುತ್ತದೆ. ೧೦ ಅಂಗುಲ ದಪ್ಪದ ಹಾಸಿನಲ್ಲಿ ೬ ಅಂಗುಲದ ರಂಧ್ರಕ್ಕೆ ನಾಲ್ಕು ಕಿಲೋಗೂ ತುಸು ಹೆಚ್ಚು ಗಡ್ಡೆಯನ್ನು ಹೊರತೆಗೆಯಬೇಕು; ೮ ಅಂಗುಲದ ರಂಧ್ರಕ್ಕೆ ಏಳೂವರೆ ಕಿಲೋ. ಅಷ್ಟು ಭಾರವನ್ನು ಡ್ರಿಲ್ಲೂ ತಡೆಯದು, ಬ್ಯಾಟರಿಯೂ ಬಾಳದು.

ಉತ್ತರದ ಹಾದಿ

ಜನವರಿಯ ಮೊದಲ ಶನಿವಾರ, ಬೆಳಕು ಹರಿಯುವ ಮುನ್ನವೇ ಹೊರಟೆವು. ಹೊರಗೆ ಶೂನ್ಯಕ್ಕಿಂತ ಹದಿನೈದು ಡಿಗ್ರಿ ಕೆಳಗಿನ ಚಳಿ. ೬೫ನೆಯ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು ೭೦ ಮೈಲಿ ಸಾಗಿದರೆ ಮೋರಾ ಎಂಬ ಪುಟ್ಟ ಪಟ್ಟಣ ಸಿಗುತ್ತದೆ. ಸ್ವೀಡನ್ನಿನಿಂದ ವಲಸೆ ಬಂದವರು ತಮ್ಮ ತಾಯ್ನಾಡಿನ ಮೋರಾ ಊರಿನ ಹೆಸರನ್ನೇ ಇದಕ್ಕಿಟ್ಟರು. ಆ ಊರಿನ ಸೀಮೆಯ ಕುಶಲಕಲೆಯಾದ ಬಣ್ಣದ ದಾಲಾ ಕುದುರೆಯ ಬೃಹತ್ ಪ್ರತಿಮೆಯೊಂದು ಇಲ್ಲಿಯೂ ನಿಂತಿದೆ. ಸ್ವೀಡನ್ನಿನ ಮೋರಾದಲ್ಲಿ ೧೯೨೨ರಿಂದ ನಡೆದುಬಂದ ವಾಸಾಲೊಪೆಟ್ ಎಂಬ ಹಿಮಜಾರಾಟದ ಓಟವನ್ನು ಇಲ್ಲಿಯವರು ೧೯೭೩ರಲ್ಲಿ ತಮ್ಮೂರಿನಲ್ಲಿಯೂ ಆರಂಭಿಸಿದರು. ದೂರದೇಶಕ್ಕೆ ಹೋದವರು ಊರಿನ ಹೆಸರನ್ನೂ ಹಬ್ಬವನ್ನೂ ಜೊತೆಗೆ ಒಯ್ಯುವುದು ಎಲ್ಲ ಜನಾಂಗಗಳಿಗೂ ಸಹಜವೇ ಸರಿ.

ಶಿಕ್ಷಕರು ಅಲ್ಲಿ ಗಾಡಿಯನ್ನು ನಿಲ್ಲಿಸಿ, ಹಿಂದಿದ್ದ ಬೈರಿಗೆಯ ಮೇಲಿನ ಅಕ್ಷರಗಳನ್ನು ತೋರಿಸಿದರು. ಅದರ ಮೇಲೂ ಮೋರಾ ಎಂದೇ ಇತ್ತು. ಚೂರಿ, ಅಲಗುಗಳಿಗೆ ಹೆಸರಾದ ಸ್ವೀಡನ್ನಿನ ಆ ಊರಿನ ಹೆಸರನ್ನು ಹೊತ್ತ ಕೈಬೈರಿಗೆಗಳು ಮಿನ್ನೆಸೋಟದ ಮನೆಮನೆಯಲ್ಲಿಯೂ ಪರಿಚಿತ. ಅಲ್ಲಿಂದ ವಾಯವ್ಯಕ್ಕೆ ತಿರುಗಿ, ಹಿಮ ಹೊದ್ದ ಹೊಲಗಳನ್ನೂ ಪೈನ್ ಮರಗಳನ್ನೂ ದಾಟಿ, ಐಲ್ ಎಂಬ ಊರಿನ ಬಳಿ ಮಿಲ್ ಲ್ಯಾಕ್ಸ್ ಸರೋವರದ ದಡವನ್ನು ಸೇರಿದೆವು.

ಫ್ರೆಂಚರು ಇಟ್ಟ ಆ ಹೆಸರಿಗೆ ಸಾವಿರ ಸರೋವರ ಎಂದರ್ಥ; ಇರುವುದು ಮಾತ್ರ ಒಂದೇ ಸರೋವರ. ೨೦೦ ಚದರ ಮೈಲಿಗೂ ಮಿಕ್ಕ ವಿಸ್ತಾರ. ಆದರೂ ಅತಿ ಆಳವಾದ ಕಡೆ ೪೨ ಅಡಿ. ದಡದಲ್ಲಿ ತಲೆತಲಾಂತರದಿಂದ ನೆಲೆಸಿರುವ ಒಜಿಬ್ವೆ ಮೂಲನಿವಾಸಿಗಳು ತಮ್ಮ ನುಡಿಯಲ್ಲಿ ಇದನ್ನು ಮಹಾಸರೋವರವೆಂದು ಕರೆಯುತ್ತಾರೆ. ಡ್ರಿಲ್ಲು, ಎಂಜಿನ್ನುಗಳು ಹುಟ್ಟುವ ಮುನ್ನವೇ ಅವರು ಗಡ್ಡೆಯಲ್ಲಿ ಕಿಂಡಿ ಕಡಿದು, ಮೇಲೆ ಕತ್ತಲೆಯ ಮರೆ ಕಟ್ಟಿ, ಮರದ ಹುಸಿಮೀನನ್ನು ಆಡಿಸುತ್ತ ಈಟಿಯಿಂದ ಮೀನು ಹಿಡಿಯುತ್ತಿದ್ದರು. ೧೮೩೭ರ ಒಪ್ಪಂದದಲ್ಲಿ ನೆಲವನ್ನು ಬಿಟ್ಟುಕೊಟ್ಟರೂ ಬೇಟೆ ಮತ್ತು ಮೀನುಗಾರಿಕೆಯ ಹಕ್ಕನ್ನು ಅವರು ಉಳಿಸಿಕೊಂಡಿದ್ದರು. ಆ ಹಕ್ಕನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೯೯ರಲ್ಲಿ ಎತ್ತಿಹಿಡಿಯಿತು.

ಗಡ್ಡೆಯ ಮೇಲೆ

ದಡದಲ್ಲಿ ನಿಂತು ನೋಡಿದರೆ ಕಣ್ಣು ಹಾಯುವವರೆಗೆ ಬಿಳಿಯ ಬಯಲು. ಅದರ ಮೇಲೆ ಅಲ್ಲೊಂದು ಇಲ್ಲೊಂದು ಬಣ್ಣದ ಗುಡಾರ. ನನ್ನ ಕಾಲು ಮುಂದೆ ಹೋಗಲಿಲ್ಲ. ಶಿಕ್ಷಕರು ನಮ್ಮಿಬ್ಬರಿಗೂ ತೇಲುವ ಜಾಕೀಟನ್ನು ತೊಡಿಸಿ, ಕೊರಳಿಗೆ ಹಗ್ಗದಿಂದ ಕಟ್ಟಿದ ಎರಡು ಚೂಪು ಮೊಳೆಗಳ ಹಿಡಿಯನ್ನು ಹಾಕಿದರು. ಗಡ್ಡೆ ಒಡೆದು ನೀರಿಗೆ ಬಿದ್ದರೆ, ಬಂದ ದಿಕ್ಕಿನ ಕಡೆಗೇ ತಿರುಗಿ, ಆ ಮೊಳೆಗಳನ್ನು ಗಡ್ಡೆಗೆ ಊರಿ, ಕಾಲು ಬಡಿಯುತ್ತ ಮೇಲಕ್ಕೆ ಜಾರಿಬರಬೇಕು; ಬಂದ ಮೇಲೆ ಎದ್ದು ನಿಲ್ಲದೆ ಹೊರಳುತ್ತ ದೂರ ಸರಿಯಬೇಕು. ಇದನ್ನು ಮೊಮ್ಮಗನಿಂದ ಎರಡು ಸಾರಿ ಹೇಳಿಸಿದ ಅನಂತರವೇ ಅವರು ಮುಂದಡಿಯಿಟ್ಟರು.

ಮುಂದೆ ಅವರು ಉಕ್ಕಿನ ಹಾರೆಯಿಂದ ಗಡ್ಡೆಯನ್ನು ಗುದ್ದುತ್ತ ನಡೆದರು. ಹಿಂದೆ ಜಾರುಬಂಡಿಯನ್ನು ಎಳೆಯುತ್ತ ನಾವು. ಐವತ್ತು ಹೆಜ್ಜೆಗೊಮ್ಮೆ ನಿಂತು ಡ್ರಿಲ್ಲಿನಿಂದ ರಂಧ್ರ ಕೊರೆದು ದಪ್ಪವನ್ನು ಅಳೆಯುತ್ತಿದ್ದರು. ಹೊಸದಾದ ತಿಳಿಗಡ್ಡೆ ಕನಿಷ್ಠ ೪ ಅಂಗುಲವಿದ್ದರೆ ಮಾತ್ರ ಮೇಲೆ ನಡೆಯಬಹುದು. ಹಿಮವಾಹನಕ್ಕೆ ೫ರಿಂದ ೭ ಅಂಗುಲ ಬೇಕು. ಹಿಮ ಬೆರೆತ ಬಿಳಿಗಡ್ಡೆಯಾದರೆ ಇದರ ಇಮ್ಮಡಿ. ಇದು ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಜನರಿಗೆ ನೀಡಿರುವ ಸೂಚನೆ. ಯಾವ ಗಡ್ಡೆಯೂ ಪೂರ್ತಿ ಸುರಕ್ಷಿತವಲ್ಲವೆಂಬ ಎಚ್ಚರಿಕೆಯನ್ನೂ ಅದೇ ಇಲಾಖೆ ಸೇರಿಸಿದೆ. ನಮ್ಮ ರಂಧ್ರಗಳು ೯, ೧೦ ಅಂಗುಲವನ್ನು ತೋರಿಸಿದವು.

ಮೂರನೆಯ ರಂಧ್ರವನ್ನು ಕೊರೆಯುವ ಸರದಿ ನನ್ನದಾಯಿತು. ಒತ್ತಬಾರದು, ಅಲಗೇ ತನ್ನ ದಾರಿಯನ್ನು ಮಾಡಿಕೊಳ್ಳಲಿ ಎಂದು ಅವರು ಹೇಳಿದರು. ಗುಂಡಿಯನ್ನು ಅದುಮಿದೊಡನೆ ಬಿಳಿಯ ಹೆರಕಲು ಹೂವಿನ ರಾಶಿಯಂತೆ ಸುತ್ತಲೂ ಏರತೊಡಗಿತು. ಗಡ್ಡೆಯ ತಳವನ್ನು ದಾಟುವ ಕ್ಷಣದಲ್ಲಿ ಅಲಗು ಒಮ್ಮೆ ಕಚ್ಚಿ ಜಗ್ಗಿತು. ಎರಡು ಕೈಗಳ ಹಿಡಿತ ಏಕೆ ಬೇಕೆಂಬುದು ಆಗ ಅರಿವಾಯಿತು. ಮರುಕ್ಷಣವೇ ಕಪ್ಪನೆಯ ನೀರು ಉಕ್ಕಿ ನನ್ನ ಬೂಟುಗಳನ್ನು ತೋಯಿಸಿತು. ಅರ್ಧ ನಿಮಿಷವೂ ಹಿಡಿದಿರಲಿಲ್ಲ. ಗದಗ ಸೀಮೆಯ ನನ್ನ ಹೊಲದಲ್ಲಿ ಕೊಳವೆಬಾವಿಯ ಯಂತ್ರದ ಪಕ್ಕದಲ್ಲಿ ರಾತ್ರಿಯಿಡೀ ನಿಂತು, ನೂರಾರು ಅಡಿ ಆಳದಿಂದ ಒಣಧೂಳನ್ನೇ ಕಂಡವನು ನಾನು. ಅಂಗೈ ಉದ್ದದ ಆಳದಲ್ಲಿ ಉಕ್ಕಿದ ಆ ನೀರನ್ನು ಕಂಡು ಗಂಟಲು ಬಿಗಿಯಿತು.

ಇಷ್ಟು ಚಳಿಯಲ್ಲಿ ಕೆಳಗಿನ ನೀರೆಲ್ಲ ಏಕೆ ಗಟ್ಟಿಯಾಗುವುದಿಲ್ಲವೆಂದು ಮೊಮ್ಮಗ ಕೇಳಿದ. ನೀರು ಅತಿ ಭಾರವಾಗಿರುವುದು ೪ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಆ ನೀರು ತಳದಲ್ಲಿ ನಿಲ್ಲುತ್ತದೆ; ಇನ್ನೂ ತಣ್ಣಗಾದದ್ದು ಹಗುರಾಗಿ ಮೇಲೆ ಬಂದು ಹೆಪ್ಪುಗಟ್ಟುತ್ತದೆ. ಮೇಲಿನ ಗಡ್ಡೆಯೇ ಹೊದಿಕೆಯಾಗಿ ಕೆಳಗಿನ ಜೀವಿಗಳನ್ನು ಕಾಪಾಡುತ್ತದೆ. ಪಠ್ಯಪುಸ್ತಕದಲ್ಲಿ ಓದಿದ್ದ ಈ ಪಾಠವನ್ನು ಅಂದು ನಾನು ಕಾಲಡಿಯಲ್ಲಿ ಕಂಡೆ.

ನಾಲ್ಕನೆಯ ರಂಧ್ರದ ನಡುವೆ ಡ್ರಿಲ್ಲು ಸೊರಗಿ ನಿಂತಿತು. ತಪ್ಪು ನನ್ನದೇ. ಎರಡನೆಯ ಬ್ಯಾಟರಿಯನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಿರೆಂದು ಕೊಟ್ಟಿದ್ದರು. ಭಾರವೆನಿಸಿ ನಾನು ಅದನ್ನು ಜಾರುಬಂಡಿಯ ಮೇಲಿಟ್ಟಿದ್ದೆ. ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಯಲ್ಲಿ ಮಂದವಾಗುತ್ತದೆ. ತುಂಬಿದ ಬ್ಯಾಟರಿಯೂ ಬರಿದಾದಂತೆ ವರ್ತಿಸುತ್ತದೆ. ಶಿಕ್ಷಕರು ಗದರಲಿಲ್ಲ. ಎರಡನ್ನೂ ತಮ್ಮ ಅಂಗಿಯೊಳಗೆ ಸೇರಿಸಿ ಇಪ್ಪತ್ತು ನಿಮಿಷ ಕಾಯಿಸಿದರು. ಬೆಚ್ಚಗಾದ ಬ್ಯಾಟರಿ ಮತ್ತೆ ಜೀವ ತಳೆಯಿತು. ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ಚಾರ್ಜ್ ಮಾತ್ರ ಮಾಡಬಾರದು, ಒಳಗೆ ಲೋಹ ಕಟ್ಟಿ ಕೆಡುತ್ತದೆ ಎಂದೂ ತಿಳಿಸಿದರು.

ಏಣಿನ ಬಳಿ

ಮಧ್ಯಾಹ್ನ ರೊಟ್ಟಿ, ಶೇಂಗಾಚಟ್ನಿಯ ಊಟವಾಯಿತು. ಶಿಕ್ಷಕರು ಎರಡು ವಾಲೈ ಮೀನುಗಳನ್ನು ಹಿಡಿದು ತಮ್ಮ ಪೆಟ್ಟಿಗೆಗೆ ಹಾಕಿಕೊಂಡಿದ್ದರು. ಹುಡುಗನಿಗೆ ಬೇಸರ ಬಂದಿತ್ತು. ದೂರದಲ್ಲಿ, ಒಡೆದ ಗಡ್ಡೆಯ ಹಲಗೆಗಳು ಒಂದರ ಮೇಲೊಂದು ಏರಿ ನಿಂತ ಏಣು ಬಿಸಿಲಿಗೆ ನೀಲಿಯಾಗಿ ಹೊಳೆಯುತ್ತಿತ್ತು. ಅದರಾಚೆ ಐದಾರು ಗುಡಾರಗಳು. ಅದನ್ನು ನೋಡಿ ಬರುತ್ತೇನೆಂದು ಹುಡುಗ ಓಡಲು ಅಣಿಯಾದ. ಆಚೆ ಜನರಿದ್ದಾರಲ್ಲ, ಏನಾದೀತು ಎಂದು ನಾನೂ ತಲೆಯಾಡಿಸಿದೆ.

ಶಿಕ್ಷಕರ ಧ್ವನಿ ಏರಿದ್ದನ್ನು ನಾನು ಕೇಳಿದ್ದು ಆಗ ಒಂದೇ ಬಾರಿ. "ನಿಲ್ಲು!" ಎಂದು ಕೂಗಿ, ಡ್ರಿಲ್ಲನ್ನೂ ಹಾರೆಯನ್ನೂ ಹಿಡಿದು ಮುಂದಾದರು. ನಾವಿಬ್ಬರೂ ಅವರ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ಅಂತರ ಬಿಟ್ಟು ಹಿಂಬಾಲಿಸಿದೆವು. ಮೊದಲ ರಂಧ್ರ ೯ ಅಂಗುಲ. ಮೂವತ್ತು ಹೆಜ್ಜೆಯ ಆಚೆ ೬ ಅಂಗುಲ. ಅಲ್ಲಿಂದ ಅವರು ಹತ್ತು ಹೆಜ್ಜೆಗೊಮ್ಮೆ ಕೊರೆಯತೊಡಗಿದರು. ಮುಂದಿನದು ೫. ಅದರ ಮುಂದಿನದರಲ್ಲಿ ಬೈರಿಗೆ ಇಳಿಯುವ ಮೊದಲೇ ನೀರು ಚಿಮ್ಮಿದಂತಾಯಿತು. ಅಳತೆಗೋಲು ಮೂರೂವರೆ ಅಂಗುಲವನ್ನು ತೋರಿಸಿತು. ಏಣು ಇನ್ನೂ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಮೇಲೆ ಎಲ್ಲ ಕಡೆಯೂ ಒಂದೇ ಬಿಳುಪು. ಗಾಳಿ ತಂದು ಸುರಿದ ಹಿಮ ಹೊದಿಕೆಯಾಗಿ ಕೆಳಗಿನ ಗಡ್ಡೆ ಬೆಳೆಯದಂತೆ ತಡೆದಿತ್ತು. ಕಣ್ಣಿಗೆ ಯಾವ ಗುರುತೂ ಇರಲಿಲ್ಲ. ಮಾತಿಲ್ಲದೆ, ಬಂದ ಹೆಜ್ಜೆಗಳಲ್ಲಿಯೇ ಹಿಂತಿರುಗಿದೆವು.

ಕುಳಿತ ಮೇಲೆ ಅವರು ಹೇಳಿದ ಮಾತು ಈ ಲೇಖನವನ್ನು ಬರೆಯಲು ಕಾರಣವಾಯಿತು. ಕೈಬೈರಿಗೆಯ ಕಾಲದಲ್ಲಿ ಒಂದೊಂದು ರಂಧ್ರಕ್ಕೂ ಬೆವರು ಸುರಿಯುತ್ತಿತ್ತು. ಆದ್ದರಿಂದ ಮೀನಿಗಾಗಿ ಕೊರೆಯುತ್ತಿದ್ದರೇ ಹೊರತು ಪರೀಕ್ಷೆಗಾಗಿ ಕೊರೆಯುತ್ತಿದ್ದುದು ಕಡಿಮೆ. ಒಮ್ಮೆ ಯೌವನದಲ್ಲಿ ಇಂಥದೇ ಏಣಿನ ಬಳಿ ಸೊಂಟದವರೆಗೆ ಮುಳುಗಿ ಗೆಳೆಯನ ಹಗ್ಗದಿಂದ ಬದುಕಿ ಬಂದಿದ್ದರು. "ಈಗ ಭುಜದಲ್ಲಿ ಬಲವಿಲ್ಲ. ಆದರೆ ಗುಂಡಿ ಒತ್ತಿದರೆ ರಂಧ್ರವಾಗುತ್ತದೆ. ಉಳಿದ ಶ್ರಮವನ್ನೆಲ್ಲ ನಾನು ಪರೀಕ್ಷೆಗೇ ಖರ್ಚು ಮಾಡುತ್ತೇನೆ" ಎಂದರು. ಅದೇ ರಾಜ್ಯದ ಅಪ್ಪರ್ ರೆಡ್ ಸರೋವರದಲ್ಲಿ ೨೦೨೩ರ ಡಿಸೆಂಬರ್ ಕೊನೆಯಲ್ಲಿ ಗಡ್ಡೆಯ ದೊಡ್ಡ ಹಾಸೊಂದು ದಡದಿಂದ ಕಳಚಿಕೊಂಡು, ನೂರಕ್ಕೂ ಹೆಚ್ಚು ಜನರನ್ನು ರಕ್ಷಿಸಬೇಕಾಗಿ ಬಂದುದನ್ನೂ ನೆನಪಿಸಿದರು.

ಮರಳುವಾಗ ಮೊಮ್ಮಗನೇ ಮುಂದೆ ಹಾರೆ ಹಿಡಿದಿದ್ದ. ಬೆಳಿಗ್ಗೆ ನಡೆದ ಹಾದಿಯೇ ಆದರೂ ಪ್ರತಿ ಹೆಜ್ಜೆಗೂ ಗುದ್ದಿ ನೋಡುತ್ತಿದ್ದ. ಡ್ರಿಲ್ಲು ಹೊತ್ತ ಶಿಕ್ಷಕರು ಅವನ ಹಿಂದೆ, ಅವಸರಪಡಿಸದೆ ನಡೆಯುತ್ತಿದ್ದರು.

ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಇಂದು ಇಂಥ ಶೀತಪ್ರದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲು ಹೋಗುವ ಹಿರಿಯರಿಗೂ, ಅಲ್ಲಿಯೇ ಬೆಳೆಯುತ್ತಿರುವ ಮೊಮ್ಮಕ್ಕಳಿಗೂ ಹೆಪ್ಪುಗಟ್ಟಿದ ಕೆರೆ ಆಟದ ಬಯಲಿನಂತೆ ಕಾಣುವುದು ಸಹಜ. ಬಲ್ಲವರ ಜೊತೆಯಿಲ್ಲದೆ, ದಪ್ಪವನ್ನು ಅಳೆಯದೆ ಯಾರೂ ಅದರ ಮೇಲೆ ಕಾಲಿಡಬಾರದೆಂದು ನನ್ನ ವಿನಂತಿ. ಆಚೆ ಜನರಿದ್ದಾರೆಂಬುದು ಈಚೆಯ ಗಡ್ಡೆಗೆ ಸಾಕ್ಷಿಯಲ್ಲ. ಅಂದು ನಾನು ತಲೆಯಾಡಿಸಿದ್ದೆ ಎಂಬುದನ್ನು ಮಗನಿಗೆ ಆ ರಾತ್ರಿಯೇ ಹೇಳಿಬಿಟ್ಟೆ. ಅವನು ಬಹಳ ಹೊತ್ತು ಏನನ್ನೂ ಮಾತನಾಡಲಿಲ್ಲ. ಮರುದಿನ ಬೆಳಿಗ್ಗೆ ನೆರೆಮನೆಗೆ ಹೋಗಿ, ಶಿಕ್ಷಕರ ಅಂಗಳದ ಹಿಮವನ್ನೆಲ್ಲ ತಾನೇ ತೆಗೆದು ಬಂದ.